ಜಾಹೀರಾತಿನ ಸಾಲುಗಳಿಂದ ರಿಪೋರ್ಟೆಡ್ ಸ್ಪೀಚ್ ಕಲಿಸಬಹುದೇ? – ಚರ್ಚೆ

ಇಂಗ್ಲಿಷ್ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಹತ್ತನೆಯ ತರಗತಿಗೆ ರಿಪೋರ್ಟೆಡ್ ಸ್ಪೀಚ್ (ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡುವ ಇಂಗ್ಲಿಷ್ ವಾಕ್ಯರಚನೆ) ಕಲಿಸುವಾಗ ಈ ವರ್ಷ ನಾನು "ರಾಮ್ ಸೆಡ್ ಟು ಶಾಮ್" ಮಾದರಿಯ ವಾಕ್ಯಗಳನ್ನು ಬದಿಗಿಟ್ಟು ಜಾಹೀರಾತಿನ ಸಾಲುಗಳನ್ನು ತೆಗೆದುಕೊಂಡೆ. ರಾಮನು ಆ ಮಾತನ್ನು ಏಕೆ ಹೇಳಿದ, ಅದರಿಂದ ಶಾಮನಿಗೆ ಏನಾಗಬೇಕಿತ್ತು ಎಂಬುದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಜಾಹೀರಾತಿನಲ್ಲಿಯಾದರೋ ಹೇಳುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಏನನ್ನು ಬಯಸುತ್ತಿದ್ದಾರೆ ಎಂಬುದೆಲ್ಲವೂ ಮೊದಲೇ ಗೊತ್ತಿರುತ್ತದೆ. ನೈಕಿ ಕಂಪನಿಯು 1988ರಿಂದ ಬಳಸುತ್ತಿರುವ "ಜಸ್ಟ್ ಡು ಇಟ್" ಆಜ್ಞಾರ್ಥಕ ವಾಕ್ಯ. ಅದನ್ನು ವರದಿ ಮಾಡುವಾಗ "ಅರ್ಜ್ಡ್ ಅಸ್ ಟು" ಎಂಬ ರೂಪ ತಾನಾಗಿಯೇ ಬರುತ್ತದೆ. ಬಾಡಿಗೆ ಕಾರುಗಳ ಏವಿಸ್ ಕಂಪನಿಯು 1962ರಲ್ಲಿ "ವಿ ಟ್ರೈ ಹಾರ್ಡರ್" ಎಂದು ಹೇಳಿಕೊಂಡಿತು. ಇಲ್ಲಿ "ವಿ" ಹೋಗಿ "ದೇ" ಬರಬೇಕು, "ಟ್ರೈ" ಎಂಬುದು "ಟ್ರೈಡ್" ಆಗಬೇಕು.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. "ನಾವು ಹೆಚ್ಚು ಶ್ರಮಿಸುತ್ತೇವೆ ಎಂದು ಕಂಪನಿ ಹೇಳಿತು" ಎಂದರೆ ಕನ್ನಡದಲ್ಲಿ ವಾಕ್ಯ ಸರಿಯಾಗಿಯೇ ಇರುತ್ತದೆ. "ಎಂದು" ಎನ್ನುವುದು ಆಡಿದ ಮಾತನ್ನು ಇದ್ದಂತೆಯೇ ತಂದೊಪ್ಪಿಸುತ್ತದೆ. ಸರ್ವನಾಮವಾಗಲಿ ಕಾಲವಾಗಲಿ ಕದಲಬೇಕಾಗಿಲ್ಲ. ಯಾರಿಗೆ ಹೇಳಿತು ಎಂಬುದನ್ನೂ ತಿಳಿಸಬೇಕಾಗಿಲ್ಲ. ಇದೇ ರೂಢಿಯಿಂದ "ದಿ ಕಂಪನಿ ಟೋಲ್ಡ್ ದಟ್ ವಿ ಟ್ರೈ ಹಾರ್ಡರ್" ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ "ಟೋಲ್ಡ್" ಆದ ಮೇಲೆ ಯಾರಿಗೆ ಎಂಬುದು ಬರಲೇಬೇಕು.

ಕೊನೆಯ ಅಭ್ಯಾಸಕ್ಕೆ ಸುಪಾರಿ ಪೊಟ್ಟಣದ ಎರಡು ಸಾಲುಗಳನ್ನು ಕೊಟ್ಟೆ. ಮುಂಭಾಗದಲ್ಲಿ ರುಚಿಯ ಹೊಗಳಿಕೆಯಿತ್ತು. ಇನ್ನೊಂದು, ಆಹಾರ ಸುರಕ್ಷತಾ ನಿಯಮದ ಪ್ರಕಾರ ಅಚ್ಚು ಹಾಕಲೇಬೇಕಾದ "ಚೂಯಿಂಗ್ ಆಫ್ ಸುಪಾರಿ ಈಸ್ ಇಂಜೂರಿಯಸ್ ಟು ಹೆಲ್ತ್" ಎಂಬ ಸಾಲು. ಮೊದಲನೆಯದಕ್ಕೆ "ಕ್ಲೇಮ್ಡ್" (ಹೇಳಿಕೊಂಡಿತು), ಎರಡನೆಯದಕ್ಕೆ "ವಾರ್ನ್ಡ್" (ಎಚ್ಚರಿಸಿತು) ಎಂಬ ಕ್ರಿಯಾಪದವನ್ನು ಮಕ್ಕಳೇ ಆರಿಸಿದರು. ಇತರ ಶಿಕ್ಷಕರೂ ಈ ಕ್ರಮವನ್ನು ಅನುಸರಿಸಬೇಕೆಂಬುದು ನನ್ನ ಅಭಿಪ್ರಾಯ.

ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

"ಬದಿಗಿಟ್ಟು" ಎಂಬ ಮಾತನ್ನು ಮೇಡಂ ಅವರು ಇಷ್ಟು ಸುಲಭವಾಗಿ ಬರೆಯಬಾರದಿತ್ತು. ರಿಪೋರ್ಟೆಡ್ ಸ್ಪೀಚ್‌ಗೆ ಮೊದಲು ಬೇಕಾಗಿರುವುದು ಪೂರ್ಣ ವಾಕ್ಯ. ಅಮುಲ್‌ನ "ದಿ ಟೇಸ್ಟ್ ಆಫ್ ಇಂಡಿಯಾ" ಎಂಬ ಸಾಲಿನಲ್ಲಿ ಕ್ರಿಯಾಪದ ಎಲ್ಲಿದೆ? ಕ್ರಿಯಾಪದವೇ ಇಲ್ಲದ ಕಡೆ ಯಾವ ಕಾಲವನ್ನು ಯಾವ ಕಾಲಕ್ಕೆ ಬದಲಿಸುವುದು? ಮ್ಯಾಕ್‌ಡೊನಾಲ್ಡ್ಸ್ 2003ರಲ್ಲಿ ತಂದ "ಐ ಆ್ಯಮ್ ಲವಿನ್ ಇಟ್" ಎಂಬುದನ್ನು ನೋಡಿ. "ಲವ್" ಎಂಬ ಕ್ರಿಯಾಪದವನ್ನು ಸಾಮಾನ್ಯವಾಗಿ ಕಂಟಿನ್ಯುಯಸ್ ರೂಪದಲ್ಲಿ ಬಳಸಬಾರದೆಂದು ಎಂಟನೆಯ ತರಗತಿಯಲ್ಲಿ ಕಲಿಸಿ, ಹತ್ತನೆಯ ತರಗತಿಯಲ್ಲಿ ಅದನ್ನೇ ಮಾದರಿಯೆಂದು ತೋರಿಸುವುದು ಯಾವ ನ್ಯಾಯ? "ಟುಮಾರೋ" ಎಂಬುದು "ದಿ ನೆಕ್ಸ್ಟ್ ಡೇ" ಆಗುವುದನ್ನೂ "ಹಿಯರ್" ಎಂಬುದು "ದೇರ್" ಆಗುವುದನ್ನೂ ಘೋಷವಾಕ್ಯಗಳಿಂದ ಕಲಿಸಲಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಕ್ಕಳ ಮುಂದೆ ಬರುವುದು ಇಬ್ಬರ ಸಂಭಾಷಣೆಯೇ ಹೊರತು ಶೂ ಕಂಪನಿಯ ಫಲಕವಲ್ಲ.

ಪೋಷಕ, ವಿನೋಬನಗರ, ಶಿವಮೊಗ್ಗ

ಮುಖ್ಯೋಪಾಧ್ಯಾಯರು "ಶೂ ಕಂಪನಿಯ ಫಲಕ" ಎಂದದ್ದು ಸರಿಯಾಗಿದೆ. ನನ್ನ ಆಕ್ಷೇಪ ವ್ಯಾಕರಣಕ್ಕಿಂತ ದೊಡ್ಡದು. ಮನೆಯಲ್ಲಿ ದೂರದರ್ಶನ, ದಾರಿಯಲ್ಲಿ ಫಲಕ, ಕೈಯಲ್ಲಿ ಮೊಬೈಲು – ಮಗುವನ್ನು ಗಿರಾಕಿಯಂತೆ ನೋಡದ ಜಾಗವೆಂದರೆ ತರಗತಿಯೊಂದೇ ಉಳಿದಿತ್ತು. ಅಲ್ಲಿಯೂ ಬ್ರ್ಯಾಂಡಿನ ಹೆಸರನ್ನು ಕರಿಹಲಗೆಯ ಮೇಲೆ ಬರೆಸಿ, ಅದನ್ನು ಬಾಯಿಪಾಠ ಮಾಡಿಸಿದರೆ ಕಂಪನಿಗೆ ಪುಕ್ಕಟೆ ಪ್ರಚಾರ ಕೊಟ್ಟಂತಾಗುತ್ತದೆ. ಬರೆಯುವ ಕ್ರಿಯಾಪದ "ಕ್ಲೇಮ್ಡ್" ಆಗಿರಲಿ, "ಸೆಡ್" ಆಗಿರಲಿ, ಮಗುವಿನ ನೆನಪಿನಲ್ಲಿ ಉಳಿಯುವುದು ಹೆಸರೇ.

ಇಂಗ್ಲಿಷ್ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಆ ಹೆಸರುಗಳು ಮಕ್ಕಳಿಗೆ ನನ್ನಿಂದ ತಿಳಿದವುಗಳಲ್ಲ. ಕ್ರಿಯಾಪದ ಯಾವುದಾದರೂ ಒಂದೇ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. "ರೆಡ್ ಬುಲ್ ಗಿವ್ಸ್ ಯು ವಿಂಗ್ಸ್" ಎಂಬ ಪ್ರಚಾರದ ವಿಚಾರದಲ್ಲಿ ಅಮೆರಿಕದ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ರೆಕ್ಕೆ ಮೂಡಲಿಲ್ಲವೆಂಬುದು ಅವರ ದೂರಾಗಿರಲಿಲ್ಲ. ಆ ಪಾನೀಯವು ಶಕ್ತಿ ಮತ್ತು ಏಕಾಗ್ರತೆಯನ್ನು ಹೆಚ್ಚಿಸುತ್ತದೆ ಎಂದು ಬಿಂಬಿಸಿದ್ದಕ್ಕೆ ತಕ್ಕ ಆಧಾರವಿಲ್ಲವೆಂಬುದು ಅವರ ದೂರು. 2014ರಲ್ಲಿ ಕಂಪನಿಯು ತಪ್ಪನ್ನು ಒಪ್ಪಿಕೊಳ್ಳದೆಯೇ 1 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. "ಸೆಡ್", "ಕ್ಲೇಮ್ಡ್", "ಪ್ರಾಮಿಸ್ಡ್" ಇವುಗಳ ನಡುವಿನ ಅಂತರವು ಅಷ್ಟು ಹಣದ್ದಾಗಿರಬಹುದು. ಆ ಅಂತರವನ್ನು ಅರಿತ ಮಗುವೇ ಜಾಹೀರಾತಿನಿಂದ ದೂರ ನಿಲ್ಲಬಲ್ಲದು.

ಅಡಿಕೆ ಬೆಳೆಗಾರ, ಹೊಸನಗರ

ಅಮೆರಿಕದ ಪಾನೀಯದ ಮಾತು ಹಾಗಿರಲಿ. ಮೇಡಂ ಅವರ ಮೊದಲ ಬರಹದಲ್ಲಿರುವ "ಸುಪಾರಿ ಪೊಟ್ಟಣ"ದ ಬಗ್ಗೆ ಯಾರೂ ಏಕೆ ಕೇಳಲಿಲ್ಲ? ತೀರ್ಥಹಳ್ಳಿ ತಾಲ್ಲೂಕಿನ ತರಗತಿಯಲ್ಲಿ ಕುಳಿತಿರುವ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯ ಅನ್ನ ಅಡಿಕೆಯಿಂದ ಬರುತ್ತದೆ. ಶಿವಮೊಗ್ಗದಲ್ಲಿ 1939ರಲ್ಲಿ ಅಡಿಕೆ ಮಾರಾಟದ ಮ್ಯಾಮ್ಕೋಸ್ ಸಹಕಾರ ಸಂಘವನ್ನು ಕಟ್ಟಿದವರು ಈ ಮಕ್ಕಳ ಅಜ್ಜಂದಿರ ತಲೆಮಾರಿನವರು. ಅಂಥ ಮಗುವಿನ ಕೈಯಿಂದ "ಅಡಿಕೆ ಆರೋಗ್ಯಕ್ಕೆ ಹಾನಿಕರವೆಂದು ಎಚ್ಚರಿಸಲಾಯಿತು" ಎಂದು ಬರೆಸುವುದು ವ್ಯಾಕರಣ ಪಾಠವೇ? "ವಾರ್ನ್ಡ್" ಎಂಬ ಪದವನ್ನು ಆರಿಸಿದ ಕೂಡಲೇ ಹೇಳಿದ್ದು ನಿಜವೆಂದು ಒಪ್ಪಿದಂತಾಯಿತು. ಎಚ್ಚರಿಕೆಗೆ ಬೇರೆ ಮಾದರಿಯೇ ಬೇಕಿದ್ದರೆ ತಂಬಾಕಿನ ಪೊಟ್ಟಣದ ಮೇಲೆ "ಟೊಬ್ಯಾಕೊ ಕಾಸಸ್ ಕ್ಯಾನ್ಸರ್" ಎಂಬ ಸಾಲು ಇತ್ತಲ್ಲ.

ಆರೋಗ್ಯ ಕಾರ್ಯಕರ್ತೆ, ಕೊಪ್ಪ

ಬೆಳೆಗಾರರು "ನಿಜವೆಂದು ಒಪ್ಪಿದಂತಾಯಿತು" ಎಂದು ದೂರುತ್ತಿದ್ದಾರೆ. ಒಪ್ಪಿದರೆ ತಪ್ಪೇನು? ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾದ ಮೊದಲನೆಯ ಗುಂಪಿನಲ್ಲಿ ಸೇರಿಸಿದೆ. ಅಡಿಕೆ ಜಗಿದು ಬಾಯಿ ತೆರೆಯಲಾಗದೆ ಊಟಕ್ಕೆ ಕಷ್ಟಪಡುವವರನ್ನು ನಾನು ಕಂಡಿದ್ದೇನೆ. "ವಾರ್ನ್ಡ್" ಎಂಬ ಪದ ಸರಿಯಾಗಿಯೇ ಇದೆ. ಅದರ ಮುಂದೆ "ಈಸ್" ಎಂಬುದನ್ನು ಬದಲಾಯಿಸದೆ ಉಳಿಸಿಕೊಳ್ಳಬೇಕು.

ಅಡಿಕೆ ಬೆಳೆಗಾರ, ಹೊಸನಗರ

2004ರ ವರದಿಯನ್ನು ಹೇಳುವವರು ಅದೇ ಸಂಸ್ಥೆಯು 1985ರಲ್ಲಿ ಏನು ಹೇಳಿತ್ತೆಂಬುದನ್ನೂ ಹೇಳಬೇಕು. ತಂಬಾಕು ಸೇರಿದ ಎಲೆಯಡಿಕೆಯ ವಿರುದ್ಧ ಸಾಕಷ್ಟು ಪುರಾವೆಯಿದೆ, ತಂಬಾಕಿಲ್ಲದ ಎಲೆಯಡಿಕೆಯ ವಿಷಯದಲ್ಲಿ ಪುರಾವೆ ಸಾಲದು ಎಂಬುದೇ ಅಂದಿನ ತೀರ್ಮಾನವಾಗಿತ್ತು. ಪೊಟ್ಟಣದಲ್ಲಿ ತುಂಬುವ ಸಿಹಿ ಬೆರೆಸಿದ ಪುಡಿ ಬೇರೆ. ನಾವು ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಒಯ್ಯುವ ಸರಕು, ಬೆಟ್ಟೆ, ರಾಶಿ ಬಗೆಯ ಅಡಿಕೆ ಬೇರೆ. ಆ ವ್ಯತ್ಯಾಸವನ್ನು ಹೇಳದ ವಾಕ್ಯದಲ್ಲಿ "ಈಸ್" ಇರಬಾರದು. "ವಾಸ್" ಎಂದು ಬರೆಸಿ, ಇಲ್ಲವೇ "ಕ್ಲೇಮ್ಡ್" ಎಂದು ಬರೆಸಿ. ಹೊಗಳಿಕೆಗೆ ಅನ್ವಯಿಸುವ ಅನುಮಾನವು ತೆಗಳಿಕೆಗೂ ಅನ್ವಯಿಸಬೇಕು.

ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

"ಈಸ್", "ವಾಸ್" ಎಂಬುದು ಬೆಳೆಗಾರರ ಇಷ್ಟಕ್ಕಾಗಲಿ ಕಾರ್ಯಕರ್ತೆಯವರ ಇಷ್ಟಕ್ಕಾಗಲಿ ಬಿಟ್ಟ ವಿಷಯವಲ್ಲ. ನಿಯಮ ಸ್ಪಷ್ಟವಾಗಿದೆ: ಸಾರ್ವತ್ರಿಕ ಸತ್ಯವನ್ನು ವರದಿ ಮಾಡುವಾಗ ಕಾಲ ಬದಲಾಗುವುದಿಲ್ಲ. ಭೂಮಿಯು ಸೂರ್ಯನ ಸುತ್ತ ತಿರುಗುತ್ತದೆ ಎಂದು ಗುರುಗಳು ಹೇಳಿದರೆ "ರಿವಾಲ್ವ್ಸ್" ಹಾಗೆಯೇ ಉಳಿಯುತ್ತದೆ. ಪೊಟ್ಟಣದ ಎಚ್ಚರಿಕೆಯು ಸಾರ್ವತ್ರಿಕ ಸತ್ಯವಾದರೆ "ಈಸ್", ಅಲ್ಲವಾದರೆ "ವಾಸ್". ಸಾರ್ವತ್ರಿಕ ಸತ್ಯ ಯಾವುದೆಂದು ಜಗಳವಾಡಬೇಕಾದ ವಾಕ್ಯವನ್ನು ಹದಿನೈದು ವರ್ಷದ ಮಕ್ಕಳಿಗೆ ಕೊಡಬಾರದೆಂಬುದೇ ನನ್ನ ವಾದ. ಆ ವಾದವನ್ನು ನೀವಿಬ್ಬರೂ ಗಟ್ಟಿಗೊಳಿಸಿದ್ದೀರಿ.

ಭಾಷಾ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿ, ಶಂಕರಘಟ್ಟ

ಗುರುಗಳೇ, "ನಿಯಮ ಸ್ಪಷ್ಟವಾಗಿದೆ" ಎಂಬ ಮಾತನ್ನು ನಾನು ಪ್ರಶ್ನಿಸಲೇಬೇಕಾಗಿದೆ. ಡಿ ಬಿಯರ್ಸ್ ಕಂಪನಿಗಾಗಿ 1947ರಲ್ಲಿ ಬರೆದ "ಎ ಡೈಮಂಡ್ ಈಸ್ ಫಾರೆವರ್" ಎಂಬ ಸಾಲನ್ನು ತೆಗೆದುಕೊಳ್ಳಿ. ನೋಡಲು ಅದು ಸಾರ್ವತ್ರಿಕ ಸತ್ಯದಂತೆಯೇ ಇದೆ. ಆದರೆ ವಜ್ರವೆಂದರೆ ಇಂಗಾಲ. ಆಮ್ಲಜನಕದಲ್ಲಿ ಸಾಕಷ್ಟು ಕಾಯಿಸಿದರೆ ಅದು ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಿದ್ದರೂ "ದಿ ಕಂಪನಿ ಸೆಡ್ ದಟ್ ಎ ಡೈಮಂಡ್ ಈಸ್ ಫಾರೆವರ್" ಎಂದು ಬರೆದವರನ್ನು ಯಾರೂ ತಪ್ಪೆನ್ನುವುದಿಲ್ಲ. ಇಂಗ್ಲಿಷಿನಲ್ಲಿ "ಈಸ್" ಉಳಿಯಬೇಕಾದರೆ ಮಾತು ಸತ್ಯವೇ ಆಗಿರಬೇಕೆಂದಿಲ್ಲ. ಆಡಿದ ಮಾತು ವರದಿಯಾಗುವ ಹೊತ್ತಿಗೂ ಚಾಲ್ತಿಯಲ್ಲಿದ್ದರೆ ಸಾಕು. ಅದೇ ರೀತಿ "ವಾಸ್" ಎಂದು ಬರೆದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. "ಸೆಡ್" ಎಂಬ ಭೂತಕಾಲದ ಎಳೆತಕ್ಕೆ ಅದೂ ಹಿಂದೆ ಸರಿದಿರುತ್ತದೆ, ಅಷ್ಟೆ. ಸತ್ಯದ ಹೊಣೆಯನ್ನು ಹೊರುವುದು ಕಾಲವಲ್ಲ, ವರದಿ ಮಾಡುವ ಕ್ರಿಯಾಪದ. ಆದ್ದರಿಂದ ಬೆಳೆಗಾರರಿಗೆ "ವಾಸ್" ಸಿಕ್ಕರೂ ಲಾಭವಿಲ್ಲ, ಕಾರ್ಯಕರ್ತೆಯವರಿಗೆ "ಈಸ್" ಸಿಕ್ಕರೂ ಗೆಲುವಿಲ್ಲ.

ಅಡಿಕೆ ಬೆಳೆಗಾರ, ಹೊಸನಗರ

"ಲಾಭವಿಲ್ಲ" ಎಂದು ನಮಗೆ ಹೇಳಲು ನೀವು ಯಾರು? ಎಲೆಚುಕ್ಕೆ ರೋಗ ಬಂದು ತೋಟ ಒಣಗುವಾಗ, ಮಳೆ ನಿಲ್ಲದೆ ಕೊಳೆ ತಗುಲಿ ಕಾಯಿ ಉದುರುವಾಗ ನಮ್ಮ ಲಾಭನಷ್ಟವನ್ನು ಕೇಳಲು ಯಾವ ಭಾಷಾಪಂಡಿತರೂ ಬರಲಿಲ್ಲ. ಹೊಣೆಯು ಕ್ರಿಯಾಪದದ ಮೇಲಿದೆ ಎಂದು ನೀವೇ ಒಪ್ಪಿದ ಮೇಲೆ "ವಾರ್ನ್ಡ್" ಎಂಬುದನ್ನು ಅಳಿಸಿ "ಸ್ಟೇಟೆಡ್" (ತಿಳಿಸಿತು) ಎಂದು ಬರೆಸಲಿ.

ಆರೋಗ್ಯ ಕಾರ್ಯಕರ್ತೆ, ಕೊಪ್ಪ

1985ರ ತೀರ್ಮಾನವನ್ನು ಹೇಳಿ, ಅದನ್ನು ತಿದ್ದಿದ 2004ರ ತೀರ್ಮಾನಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವುದು ಸರಿಯಲ್ಲ. ತಂಬಾಕಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದು ಆ ಎರಡನೆಯ ವರದಿಯಲ್ಲಿಯೇ ಇದೆ. ನಿಯಮದಲ್ಲಿ ಆ ಸಾಲನ್ನು ಕರೆದಿರುವುದೇ ಎಚ್ಚರಿಕೆಯೆಂದು. ಎಚ್ಚರಿಕೆಯನ್ನು ವರದಿ ಮಾಡುವಾಗ "ವಾರ್ನ್ಡ್" ಎನ್ನದೆ "ಸ್ಟೇಟೆಡ್" ಎಂದರೆ ಮಗುವು ತಪ್ಪು ವರದಿ ಮಾಡಿದಂತೆ. ಇದರಲ್ಲಿ ನಿಮ್ಮ ಮನೆಯ ಅನ್ನದ ಪ್ರಶ್ನೆಯನ್ನು ತರಬೇಡಿ; ನಮ್ಮ ಮನೆಯಲ್ಲಿಯೂ ತೋಟವಿದೆ.

ಪೋಷಕ, ವಿನೋಬನಗರ, ಶಿವಮೊಗ್ಗ

"ಮಗುವು ತಪ್ಪು ವರದಿ ಮಾಡಿದಂತೆ" – ನನಗೆ ಬೇಕಾಗಿದ್ದ ಮಾತು ಇದೇ. ದೊಡ್ಡವರೇ ಇಷ್ಟು ಜಗಳವಾಡುವ ವಾಕ್ಯಕ್ಕೆ ಮಗುವು ಅಂಕ ಕಳೆದುಕೊಳ್ಳಬೇಕೇ? ದಾರಿ ತಪ್ಪಿಸುವ ಜಾಹೀರಾತುಗಳನ್ನು ವಿಚಾರಿಸಲು 1985ರಿಂದ ಜಾಹೀರಾತು ಗುಣಮಟ್ಟ ಮಂಡಳಿಯಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರವುಳ್ಳ ಪ್ರಾಧಿಕಾರವಿದೆ. ಆ ಕೆಲಸವನ್ನು ಅವರು ಮಾಡಲಿ, ಶಾಲೆಯು ಭಾಷೆ ಕಲಿಸಲಿ.

ಭಾಷಾ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿ, ಶಂಕರಘಟ್ಟ

ಆ ಪ್ರಾಧಿಕಾರಕ್ಕೆ ದೂರು ಬರೆಯುವವರಿಗೂ ಮೊದಲು ಬೇಕಾಗುವುದು ಜಾಹೀರಾತು ಏನು ಹೇಳಿತೆಂಬುದನ್ನು ಸರಿಯಾಗಿ ವರದಿ ಮಾಡುವ ಭಾಷೆಯೇ.

ಇಂಗ್ಲಿಷ್ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಅಂಕದ ಮಾತನ್ನು ಪೋಷಕರು ಎತ್ತಿದ್ದಾರೆ. ಆ ಅಭ್ಯಾಸಕ್ಕೆ ನಾನು ಅಂಕವನ್ನೇ ಇಟ್ಟಿರಲಿಲ್ಲ. ಮುಖ್ಯೋಪಾಧ್ಯಾಯರು "ಟುಮಾರೋ" ಎಂಬುದನ್ನು ಜಾಹೀರಾತಿನಿಂದ ಕಲಿಸಲಾಗದು ಎಂದಿದ್ದರು. ದಸರೆಯ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ನೆಹರೂ ರಸ್ತೆಯಲ್ಲೋ ಬಟ್ಟೆ ಅಂಗಡಿಯ ಮುಂದೆ "ಸೇಲ್ ಎಂಡ್ಸ್ ಟುಮಾರೋ" ಎಂಬ ಫಲಕ ತೂಗುತ್ತಿದೆ ಎಂದುಕೊಳ್ಳಿ. ವಾರ ಕಳೆದು ಅದನ್ನು ವರದಿ ಮಾಡುವ ಮಗುವು "ದಿ ಬೋರ್ಡ್ ಸೆಡ್ ದಟ್ ದಿ ಸೇಲ್ ವುಡ್ ಎಂಡ್ ದಿ ನೆಕ್ಸ್ಟ್ ಡೇ" ಎಂದೇ ಬರೆಯಬೇಕಾಗುತ್ತದೆ, ಏಕೆಂದರೆ "ಟುಮಾರೋ" ಎಂದು ಉಳಿಸಿದರೆ ಮಾರಾಟ ಎಂದಿಗೂ ಮುಗಿಯುವುದಿಲ್ಲ. ಕಾಲಸೂಚಕ ಪದವು ಏಕೆ ಬದಲಾಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ರಾಮಶಾಮರ ಸಂಭಾಷಣೆಯಲ್ಲಿ ನಾನು ಕಂಡಿಲ್ಲ. ಸುಪಾರಿಯ ಸಾಲನ್ನು ತೆಗೆಯುವುದಿಲ್ಲ. "ವಾರ್ನ್ಡ್", "ಸ್ಟೇಟೆಡ್", "ಕ್ಲೇಮ್ಡ್" ಮೂರನ್ನೂ ಕರಿಹಲಗೆಯ ಮೇಲೆ ಬರೆದು, ಆರಿಸಿದ ಪದಕ್ಕೆ ಕಾರಣವನ್ನೂ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯ, ಸಾಗರ

"ಎಂಡ್ಸ್" ಎಂಬ ಸಾಮಾನ್ಯ ವರ್ತಮಾನವು ನಿಯಮದಂತೆ "ಎಂಡೆಡ್" ಆಗಬೇಕು. "ವುಡ್ ಎಂಡ್" ಆಗಬೇಕಾದರೆ ಮೂಲದಲ್ಲಿ "ವಿಲ್ ಎಂಡ್" ಇರಬೇಕಿತ್ತು. ನಿಮ್ಮ ಫಲಕದ ಉದಾಹರಣೆಯಲ್ಲಿಯೇ ನಿಯಮ ಮುರಿದಿದೆ.

ಭಾಷಾ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿ, ಶಂಕರಘಟ್ಟ

ಮೂಲದ "ಎಂಡ್ಸ್" ಇಲ್ಲಿ ಭವಿಷ್ಯವನ್ನು ಸೂಚಿಸುತ್ತಿದೆ, ಗುರುಗಳೇ. ರೂಪ ವರ್ತಮಾನದ್ದು, ಅರ್ಥ ನಾಳೆಯದು. "ವುಡ್ ಎಂಡ್" ಎಂಬುದು ಆ ಅರ್ಥವನ್ನು ಉಳಿಸುತ್ತದೆ.

ಅಡಿಕೆ ಬೆಳೆಗಾರ, ಹೊಸನಗರ

ಬಟ್ಟೆ ಅಂಗಡಿಯ ಫಲಕಕ್ಕೆ ಇಷ್ಟು ನ್ಯಾಯ ಸಿಗುತ್ತಿದೆ. ಮೇಡಂ ಅವರು ಮೂರು ಪದಗಳನ್ನೂ ಬರೆಯುವುದಾಗಿ ಹೇಳಿದ್ದಾರೆ. ಹಾಗಾದರೆ "ಕ್ಲೇಮ್ಡ್" ಎಂದು ಬರೆದು, ತನ್ನ ಕಾರಣವನ್ನೂ ಕೊಟ್ಟ ಮಗುವಿನ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದಿಲ್ಲವೆಂದು ಇಲ್ಲಿಯೇ ಹೇಳಲಿ. ಅದಕ್ಕೆ ಉತ್ತರ ಬರುವವರೆಗೂ ನನ್ನ ಆಕ್ಷೇಪ ಹಾಗೆಯೇ ಇದೆ.

ಇಂಗ್ಲಿಷ್ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಕಾರಣ ಓದಿದ ಮೇಲೆ ನಿರ್ಧರಿಸುತ್ತೇನೆ. "ಟೋಲ್ಡ್ ದಟ್" ಎಂದು ಬರೆದಿದ್ದರೆ ಮಾತ್ರ ಕಾರಣ ಯಾವುದೇ ಇರಲಿ, ಗೆರೆ ಎಳೆಯುತ್ತೇನೆ.