‘ತ್ವೆಗ್ಯೆ’ ಹೆಸರಿಗೆ ‘ತೊರೆ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಕೊರಿಯಾದ 1,000 ವಾನ್ ನೋಟಿನ ಬಗ್ಗೆ ಮಕ್ಕಳಿಗಾಗಿ ಒಂದು ಪುಟ ಬರೆಯುತ್ತಿದ್ದೇನೆ. ಒಂದು ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

2007ರಲ್ಲಿ ಬಂದ ಈ ನೀಲಿ ನೋಟಿನಲ್ಲಿ ಇರುವವರು ಯಿ ಹ್ವಾಂಗ್ (1501–1570), ಕನ್‌ಫ್ಯೂಷಿಯಸ್ ಪಂಥದ ದೊಡ್ಡ ವಿದ್ವಾಂಸರು. ಜೊತೆಗೆ ಸೋಲ್‌ನ ಹಳೆಯ ವಿದ್ಯಾಪೀಠದ ಪಾಠಶಾಲೆ, ಚಳಿ ಹೋಗುವ ಮೊದಲೇ ಅರಳುವ ಮೇಹ್ವಾ ಹೂವು. ಈ ಹೂವೆಂದರೆ ಅವರಿಗೆ ಪ್ರಾಣ. ಸಾಯುವ ದಿನವೂ ‘ಮೇಹ್ವಾಕ್ಕೆ ನೀರು ಹಾಕಿ’ ಅಂದರಂತೆ. ಹೂವಿನ ಹೆಸರನ್ನು ಹಾಗೇ ಉಳಿಸಿಕೊಂಡಿದ್ದೇನೆ.

ತೊಡಕು ಇರುವುದು ಅವರ ಕಾವ್ಯನಾಮದಲ್ಲಿ: ‘ತ್ವೆಗ್ಯೆ’. ‘ತ್ವೆ’ ಅಂದರೆ ಹಿಂದೆ ಸರಿಯುವುದು. ‘ಗ್ಯೆ’ ಅಂದರೆ ಬೆಟ್ಟದ ಸಣ್ಣ ಹೊಳೆ. ಆಸ್ಥಾನದ ಹುದ್ದೆಗಳನ್ನು ಮತ್ತೆ ಮತ್ತೆ ಬಿಟ್ಟು, ಊರಿನ ಹೊಳೆಯ ದಡಕ್ಕೆ ಮರಳಿ, ಓದು, ಪಾಠ ಅಂತ ಬದುಕಿದವರು ಅವರು. ಆ ಬದುಕೇ ಹೆಸರಾಗಿದೆ.

ಕನ್ನಡದಲ್ಲಿ ಏನು ಹೇಳೋಣ? ‘ಹಿಂಜರಿದ’ ಅಂದರೆ ಅಳುಕಿದ ಹಾಗಾಗುತ್ತದೆ. ‘ಹಿಮ್ಮೆಟ್ಟಿದ’ ಅಂದರೆ ಯುದ್ಧದಲ್ಲಿ ಸೋತ ಹಾಗೆ. ‘ನಿವೃತ್ತ’ ಅಂದರೆ ಮಕ್ಕಳಿಗೆ ಪಿಂಚಣಿ ತಗೊಳ್ಳುವ ತಾತ ನೆನಪಾಗುತ್ತಾರೆ. ಇವರು ರಾಜ ಕರೆದರೂ ಬೇಡ ಅಂದವರು, ಅಲ್ವಾ?

ಆಗ ಹೊಳೆದದ್ದು ‘ತೊರೆ’. ನಮ್ಮಲ್ಲಿ ತೊರೆ ಅಂದರೆ ಸಣ್ಣ ಹೊಳೆ. ತೊರೆ ಅಂದರೆ ಬಿಟ್ಟುಬಿಡು ಅಂತಲೂ ಹೌದು. ಕೊರಿಯನ್‌ಗೆ ಎರಡು ಪದ ಬೇಕಾದ ಕಡೆ ನಮಗೆ ಒಂದೇ ಪದ ಸಾಕು! ನನಗಂತೂ ತುಂಬಾ ಖುಷಿಯಾಯಿತು. ನೋಟಿನ ಹಿಂಬದಿಗೂ ಇದು ಹೊಂದುತ್ತದೆ. ಅಲ್ಲಿರುವುದು ಜೊಂಗ್ ಸೊನ್ 1746ರಲ್ಲಿ ಬರೆದ ಚಿತ್ರ: ಬೆಟ್ಟ, ಮರ, ನೀರು, ನಡುವೆ ಒಂದು ಪುಟ್ಟ ಮನೆ, ಒಳಗೆ ಒಬ್ಬರು ಕೂತಿದ್ದಾರೆ. ಆ ಚಿತ್ರದ ಹೆಸರಿನಲ್ಲೂ ಅದೇ ‘ಗ್ಯೆ’ ಇದೆ. ಹಾಗಾಗಿ ಅದನ್ನು ‘ತೊರೆಯ ಮೇಲಿನ ನೆಮ್ಮದಿಯ ವಾಸ’ ಅಂತ ಬರೆದುಕೊಂಡಿದ್ದೇನೆ.

ಆದರೆ ‘ತೊರೆದ ತೊರೆ’ ಅಂತ ಬರೆದರೆ ಅರ್ಥ ತಿರುಗಿಬಿಡುತ್ತದೆ. ಅವರು ತೊರೆಯನ್ನೇ ಬಿಟ್ಟು ಹೋದರು ಅನ್ನಿಸುತ್ತದೆ. ಬಿಟ್ಟದ್ದು ಆಸ್ಥಾನವನ್ನು, ತೊರೆಗೆ ಬಂದು ಸೇರಿದರು. ‘ತೊರೆದವರ ತೊರೆ’ ಅಂದರೆ ಸರಿಹೋದೀತೇ? ಅಥವಾ ಸುಮ್ನೆ ‘ತೊರೆ’ ಅಂತಷ್ಟೇ ಇಟ್ಟರೆ ಓದುವವರಿಗೆ ಎರಡೂ ಅರ್ಥ ಕೇಳಿಸುತ್ತದೆಯೇ? ಹಾಗೆಯೇ, ಈ ಎರಡು ‘ತೊರೆ’ಗಳ ಬೇರು ಒಂದೇನಾ ಅಂತ ತಿಳಿದವರು ಹೇಳಿದರೆ ಅದನ್ನೂ ಮಕ್ಕಳಿಗೆ ಹೇಳುವ ಆಸೆ.