ಗವರ್ನರ್ ಹಗ್ಗ ತೆಗೆದು ಸೊಲೆನಾಯ್ಡ್‌ನಿಂದ ಸೇಫ್ಟಿ ಗೇರ್: ಕರೆಂಟ್ ಕೊಟ್ಟು ಕಚ್ಚಿಸಬೇಕೋ, ತೆಗೆದು ಕಚ್ಚಿಸಬೇಕೋ?

ಮೆಷಿನ್‌ರೂಮ್:
ಸೆಕೆಂಡಿಗೆ 1.6 ಮೀಟರ್ ವೇಗದ ಪ್ಯಾಸೆಂಜರ್ ಲಿಫ್ಟ್. ಗವರ್ನರ್ (ವೇಗ ಮೀರಿದರೆ ಹಗ್ಗದ ಮೂಲಕ ಸೇಫ್ಟಿ ಗೇರ್ ಎಬ್ಬಿಸುವ ಸಾಧನ), ಅದರ ಹಗ್ಗ, ಪಿಟ್‌ನ (ತಳದ ಗುಂಡಿಯ) ಟೆನ್ಷನ್ ತೂಕ ಮೂರನ್ನೂ ತೆಗೆದು ಕ್ಯಾಬಿನ್ ಮೇಲೇ ವೇಗ ಅಳೆಯುವ ಯೋಚನೆ. ವೇಗ ಮೀರಿದರೆ 24 ವೋಲ್ಟ್ ಸೊಲೆನಾಯ್ಡ್ (ಕರೆಂಟ್ ಹರಿದಾಗ ಕಬ್ಬಿಣದ ತುಂಡನ್ನು ಎಳೆಯುವ ಕಾಯಿಲ್) ಪ್ರೊಗ್ರೆಸಿವ್ ಸೇಫ್ಟಿ ಗೇರ್‌ನ (ಗೈಡ್ ರೈಲನ್ನು ಕಚ್ಚಿ ಕ್ಯಾಬಿನ್ ಅನ್ನು ಕ್ರಮೇಣ ನಿಲ್ಲಿಸುವ ಬ್ರೇಕಿನ) ವೆಜ್‌ಗಳನ್ನು, ಅಂದರೆ ಬೆಣೆಗಳನ್ನು, ಎಬ್ಬಿಸಬೇಕು. ಕರೆಂಟ್ ಕೊಟ್ಟಾಗ ಎಬ್ಬಿಸುವುದೋ, ಕರೆಂಟ್ ತೆಗೆದಾಗ ಸ್ಪ್ರಿಂಗ್ ಎಬ್ಬಿಸುವುದೋ? ಎರಡನೆಯದಾದರೆ ಕರೆಂಟ್ ಹೋದಾಗಲೆಲ್ಲ ಕ್ಯಾಬಿನ್ ರೈಲಿಗೆ ಕಚ್ಚಿಕೊಳ್ಳುವುದಿಲ್ಲವೇ? ಸ್ಟಾಪ್ ಬಟನ್ ಕೂಡ ಇದಕ್ಕೇ ಜೋಡಿಸಬಹುದೇ?

ಸುರಕ್ಷಾ_ಸರಪಳಿ:
ಕರೆಂಟ್ ತೆಗೆದಾಗ ಕಚ್ಚಬೇಕು, ಇದರಲ್ಲಿ ಚೌಕಾಸಿ ಇಲ್ಲ. ಕೊಟ್ಟಾಗ ಕಚ್ಚುವ ವಿನ್ಯಾಸದಲ್ಲಿ ತುಂಡಾದ ವೈರು, ಸುಟ್ಟ ಫ್ಯೂಸ್, ಸತ್ತ ಬ್ಯಾಟರಿ ಯಾವುದೂ ಅನಾಹುತದ ದಿನದವರೆಗೆ ಕಣ್ಣಿಗೆ ಬೀಳುವುದಿಲ್ಲ. 1854ರಲ್ಲಿ ಓಟಿಸ್ ನ್ಯೂಯಾರ್ಕ್‌ನಲ್ಲಿ ತೋರಿಸಿದ್ದೂ ಇದನ್ನೇ: ಹಗ್ಗದ ಬಿಗಿತ ಸ್ಪ್ರಿಂಗನ್ನು ಬಾಗಿಸಿ ಹಿಡಿದಿತ್ತು, ಹಗ್ಗ ಕಡಿದಾಗ ಸ್ಪ್ರಿಂಗ್ ತಾನೇ ಹಲ್ಲಿಗೆ ಸಿಕ್ಕಿಕೊಂಡಿತು. ನಿಮ್ಮಲ್ಲಿ ಆ ಹಗ್ಗದ ಕೆಲಸ ಕಾಯಿಲ್‌ನ ಕರೆಂಟಿನದು, ಅಷ್ಟೇ.

ಸ್ಟಾಪ್ ಬಟನ್ ಬೇಡವೇ ಬೇಡ. ಪಿಟ್‌ನದಾಗಲಿ ಕ್ಯಾಬಿನ್ ಮೇಲಿನದಾಗಲಿ, ಅದು ಸೇಫ್ಟಿ ಚೈನ್ (ಸುರಕ್ಷಾ ಸ್ವಿಚ್‌ಗಳೆಲ್ಲ ಸಾಲಾಗಿ ಸೇರಿದ ಸರ್ಕ್ಯೂಟ್) ಬಿಡಿಸಬೇಕು. ಮೋಟಾರಿನ ಸಪ್ಲೈ ಹೋಗಿ ಮೆಷಿನ್ ಬ್ರೇಕ್ ಬೀಳಬೇಕು. ಸೇಫ್ಟಿ ಗೇರ್ ಕೊನೆಯ ಅಸ್ತ್ರ. ಒಮ್ಮೆ ಕಚ್ಚಿದರೆ ರೈಲಿನ ಮೇಲೆ ಗೀರು ಬೀಳುತ್ತದೆ, ಕ್ಯಾಬಿನ್ ಮೇಲೆತ್ತದೆ ಬಿಡುವುದಿಲ್ಲ, ತಿಳಿದವರು ಬಂದು ನೋಡಿಯೇ ಮತ್ತೆ ಓಡಿಸಬೇಕು.

ಅಂದಹಾಗೆ, ಲಿಫ್ಟ್‌ಗಳ ಯುರೋಪಿಯನ್ ಮಾನದಂಡ ಇಎನ್ 81-1:1998 ವಿದ್ಯುತ್ತಿನಿಂದ ಸೇಫ್ಟಿ ಗೇರ್ ಎಬ್ಬಿಸುವುದನ್ನೇ ನಿಷೇಧಿಸಿತ್ತು. ನಿಮಗೆ ಅನ್ವಯಿಸುವ ಆವೃತ್ತಿ ಏನು ಹೇಳುತ್ತದೆ ಎಂದು ಸರ್ಟಿಫಿಕೇಟ್ ಕೊಡುವವರ ಹತ್ತಿರ ಮಾತಾಡಿ, ಆಮೇಲೆ ಡ್ರಾಯಿಂಗ್ ಶುರು ಮಾಡಿ.

ಕಾಯಿಲ್‌ಪ್ರೇಮಿ:
ಮೇಲಿನದಕ್ಕೆ ಒಪ್ಪಿಗೆ. ಆದರೆ ಇಂಥ ವಿನ್ಯಾಸ ಎಡವುವುದು ಸಮಯದ ಲೆಕ್ಕದಲ್ಲಿ. ನಿಮ್ಮ ವೇಗಕ್ಕೆ ಗವರ್ನರ್ ಆಗಿದ್ದರೆ ಅದು ನಿಗದಿತ ವೇಗದ (v) 115%, ಅಂದರೆ 1.84 ಮೀ/ಸೆ ಮತ್ತು 1.25v + 0.25/v, ಅಂದರೆ ಸುಮಾರು 2.16 ಮೀ/ಸೆ ನಡುವೆ ಟ್ರಿಪ್ ಆಗಬೇಕಿತ್ತು. ಹಗ್ಗ ತುಂಡಾಗಿ ಬೀಳುವಾಗ ಪ್ರತಿ 10 ಮಿಲಿಸೆಕೆಂಡಿಗೆ ವೇಗ ಸುಮಾರು 0.1 ಮೀ/ಸೆ ಏರುತ್ತದೆ.

ಒಂದು ಉದಾಹರಣೆ: ಕಾಯಿಲ್ 24 ಓಮ್, 0.6 ಹೆನ್ರಿ, ಕರೆಂಟ್ 1 ಆಂಪಿಯರ್, 0.2 ಆಂಪಿಯರ್‌ಗೆ ಇಳಿದಾಗ ಆರ್ಮೇಚರ್ (ಕಾಯಿಲ್ ಎಳೆದಿಡುವ ಕಬ್ಬಿಣದ ತುಂಡು) ಬಿಡುತ್ತದೆ ಎನ್ನೋಣ. ಕಾಯಿಲ್‌ಗೆ ಅಡ್ಡಲಾಗಿ ಎಲ್ಲರೂ ಕಣ್ಣುಮುಚ್ಚಿ ಹಾಕುವ ಸಾದಾ ಡಯೋಡ್ (ಸ್ವಿಚ್ ಆಫ್ ಆದಾಗ ಕಾಯಿಲ್‌ನ ಕರೆಂಟಿಗೆ ಸುತ್ತಲು ದಾರಿ ಕೊಡುವುದು) ಇದ್ದರೆ ಅಷ್ಟಕ್ಕೇ ಸುಮಾರು 40 ಮಿಲಿಸೆಕೆಂಡ್. ಅದರ ಜೊತೆ ಸೀರೀಸ್‌ನಲ್ಲಿ 48 ವೋಲ್ಟ್ ಜೀನರ್ (ಅಷ್ಟು ವೋಲ್ಟ್ ತಡೆ ಒಡ್ಡಿ ಕರೆಂಟನ್ನು ಬೇಗ ಇಳಿಸುವ ಡಯೋಡ್) ಇಟ್ಟರೆ 8. ಕರೆಂಟ್ ಕಡಿಯುವ ಟ್ರಾನ್ಸಿಸ್ಟರ್ ಮೇಲೆ 72 ವೋಲ್ಟ್ ಬೀಳುತ್ತದೆ, 100 ವೋಲ್ಟಿನದನ್ನು ಆರಿಸಿ. ಇನ್ನು 1.5 ಕೆಜಿ ಚಲಿಸುವ ಭಾಗವನ್ನು 150 ನ್ಯೂಟನ್ ಸ್ಪ್ರಿಂಗ್ 30 ಮಿ.ಮೀ. ದೂಡಲು ಸುಮಾರು 25, ಅಳತೆಗೂ ತೀರ್ಮಾನಕ್ಕೂ 10. ಜೀನರ್ ಇದ್ದರೆ ಒಟ್ಟು 43: 1.84ಕ್ಕೆ ಟ್ರಿಪ್ ಆದದ್ದು 2.26ಕ್ಕೆ ಕಚ್ಚುತ್ತದೆ. ಬರೀ ಡಯೋಡ್ ಇದ್ದರೆ 75, ಕಚ್ಚುವುದು 2.58ಕ್ಕೆ. ಬ್ರೇಕ್ ನುಂಗಬೇಕಾದ ಚಲನಶಕ್ತಿ 30% ಹೆಚ್ಚು, ಒಂದು ಪುಟ್ಟ ಡಯೋಡ್ ದೆಸೆಯಿಂದ!

ಆರ್ಮೇಚರ್ ಮತ್ತು ಕೋರ್ ನಡುವೆ 0.1–0.2 ಮಿ.ಮೀ. ಹಿತ್ತಾಳೆ ಶಿಮ್ ಮರೆಯಬೇಡಿ. ಇಲ್ಲದಿದ್ದರೆ ಉಳಿದ ಕಾಂತತ್ವಕ್ಕೆ ಅದು ಅಂಟಿಕೊಂಡೇ ಇರಬಹುದು. ಸ್ವಿಚ್ ಎರಡಿರಲಿ, ಕಾಯಿಲ್‌ನ ಪ್ಲಸ್ ಬದಿಗೊಂದು, ಮೈನಸ್ ಬದಿಗೊಂದು, ಎರಡೂ ಕ್ಯಾಬಿನ್ ಮೇಲೆಯೇ. ಮೆಷಿನ್ ರೂಮಿನಿಂದ ಕ್ಯಾಬಿನ್ ಜೊತೆ ಓಡಾಡುವ ಟ್ರಾವೆಲಿಂಗ್ ಕೇಬಲ್‌ನಲ್ಲಿ ತಂದರೆ ಪಕ್ಕದ 24 ವೋಲ್ಟ್ ವೈರು ತಾಗಿ ಕಾಯಿಲ್ ಹಿಡಿದೇ ಇರಬಹುದು. ಎರಡನ್ನೂ 1 ಮಿಲಿಸೆಕೆಂಡಿನ ಪಲ್ಸ್‌ನಿಂದ ಸರದಿಯಲ್ಲಿ ಪರೀಕ್ಷಿಸುತ್ತಿರಿ. ಆರ್ಮೇಚರ್ ಅಲುಗುವಷ್ಟು ಸಮಯ ಅದಲ್ಲ.

ಮೆಷಿನ್‌ರೂಮ್:
ಡಯೋಡ್ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಕರೆಂಟ್ ಹೋದಾಗಿನ ಪ್ರಶ್ನೆ ಉಳಿಯಿತು. ಎರಡು ಬದಿಗೆ ಎರಡು ಸೊಲೆನಾಯ್ಡ್ ಹಾಕಿ ಎರಡೂ ಬದಿಯ ವೆಜ್‌ಗಳನ್ನು ಜೋಡಿಸುವ ನಡುವಿನ ಶಾಫ್ಟ್ ಬಿಡಬಹುದೇ?

ಗೈಡ್‌ರೈಲ್:
ಶಾಫ್ಟ್ ಬಿಡಬೇಡಿ. ಎರಡು ಸೊಲೆನಾಯ್ಡ್ ನಡುವೆ 20 ಮಿಲಿಸೆಕೆಂಡ್ ವ್ಯತ್ಯಾಸವಾದರೆ 2 ಮೀ/ಸೆ ವೇಗದಲ್ಲಿ ಅದು 40 ಮಿ.ಮೀ.; ಒಂದು ಬದಿ ಹಿಡಿದಿರುತ್ತದೆ, ಇನ್ನೊಂದು ಬೀಳುತ್ತಲೇ ಇರುತ್ತದೆ. ಕಚ್ಚಿದ ಮೇಲೆ ನೆಲ 5% ಗಿಂತ ಹೆಚ್ಚು ವಾಲಬಾರದು. ಸೊಲೆನಾಯ್ಡ್ ಎರಡಿದ್ದರೂ ವೆಜ್‌ಗಳನ್ನು ಶಾಫ್ಟ್ ಒಟ್ಟಿಗೆ ಎತ್ತಲಿ.

ಕರೆಂಟ್ ಹೋದರೆ ಕಾಯಿಲ್‌ಗೆ ಕ್ಯಾಬಿನ್ ಮೇಲಿನ ಬ್ಯಾಟರಿ ಬೇಕು. ಎಳೆದುಕೊಂಡ ಮೇಲೆ ಪೂರ್ತಿ ಕರೆಂಟ್ ಬೇಕಿಲ್ಲ. ಕಂಪನಕ್ಕೆ ಕೈಬಿಡದಷ್ಟು ಮಾರ್ಜಿನ್ ಇಟ್ಟು ಇಳಿಸಿದರೆ ಬ್ಯಾಟರಿ ಬಾಳುತ್ತದೆ, ಬಿಡುವುದೂ ಬೇಗ. ಅಷ್ಟರಲ್ಲಿ ಮೆಷಿನ್ ಬ್ರೇಕ್ ಕ್ಯಾಬಿನ್ ನಿಲ್ಲಿಸಿರುತ್ತದೆ. ಬ್ಯಾಟರಿ ಮುಗಿದು ವೆಜ್ ಎದ್ದರೂ ನಿಂತ ಕ್ಯಾಬಿನ್‌ನಲ್ಲಿ ಅದು ರೈಲನ್ನು ಮುಟ್ಟುತ್ತದೆ, ಬಿಗಿಯುವುದಿಲ್ಲ. ಕರೆಂಟ್ ಬಂದಾಗ ಸಣ್ಣ ಮೋಟಾರು ಅದನ್ನು ಕೆಳಗೆಳೆದು ಸ್ಪ್ರಿಂಗ್ ಬಿಗಿಮಾಡಬಹುದು. ಹಾಗೆ ಎಳೆಯುವ ಮೊದಲೇ ಬಾಗಿಲು ತೆರೆದು ಜನ ಹತ್ತಿದರೆ ಮಾತ್ರ ಹಗ್ಗ ಕೆಲವು ಮಿ.ಮೀ. ಹಿಗ್ಗಿ ಕ್ಯಾಬಿನ್ ಇಳಿಯುತ್ತದೆ, ವೆಜ್ ಕಚ್ಚಿಯೇಬಿಡುತ್ತದೆ. ಆದ್ದರಿಂದ ಮೊದಲು ವೆಜ್ ಇಳಿದಿದೆಯೇ ನೋಡಿ, ಆಮೇಲೆ ಬಾಗಿಲು. ವೇಗ ಮೀರಿ ಟ್ರಿಪ್ ಆದದ್ದಾದರೆ ಈ ತಾನಾಗಿ ಮರಳುವ ಸೌಲಭ್ಯ ಕೂಡದು. ಆ ದಾಖಲೆ ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿರಲಿ.

ವೇಗ ಅಳೆಯುವ ಎನ್‌ಕೋಡರ್ ಚಕ್ರ ರೈಲಿನ ಎಣ್ಣೆಯ ಮೇಲೆ ಜಾರಿದರೆ ವೇಗ ಕಡಿಮೆ ತೋರಿಸುತ್ತದೆ, ಅಪಾಯದ ಕಡೆಗೇ ತಪ್ಪು. ಎರಡನೆಯ ಸೆನ್ಸರ್ ಇನ್ನೊಂದು ಚಕ್ರವಾಗದೆ ಲಿಫ್ಟ್ ಓಡುವ ಬಾವಿಯಲ್ಲಿನ ಪೊಸಿಷನ್ ಟೇಪ್ (ಎತ್ತರ ಗುರುತಿಸಿದ ಪಟ್ಟಿ) ಓದುವಂಥದ್ದಾಗಿರಲಿ, ಎರಡೂ ತಾಳೆಯಾಗದಿದ್ದರೆ ಮೊದಲು ಸೇಫ್ಟಿ ಚೈನ್ ಬಿಡಿಸಿ.