ಅಪ್‌ಡೇಟ್: 12 ಜನರ ಊಟಕ್ಕೆ ತಟ್ಟೆ-ಬಟ್ಟಲು

ಮನೆಗೆ 12 ಜನರನ್ನು ಊಟಕ್ಕೆ ಕರೆಯಲು ಡಿನ್ನರ್ ಸೆಟ್ ಬೇಕೇ, ಬಿಡಿ ತಟ್ಟೆ ಸಾಕೇ ಎಂದು ಕೇಳಿದ್ದೆ. ಬಿಡಿಯಾಗಿಯೇ ಕೊಂಡಾಯಿತು: ಅಂಚು ಎದ್ದಿರುವ 27 ಸೆಂ.ಮೀ. ಬಿಳಿ ಪಿಂಗಾಣಿ ತಟ್ಟೆ, 14. ಎರಡು ಹೆಚ್ಚು, ಏಕೆಂದರೆ ಒಡೆದ ಮೇಲೆ ಅದೇ ಬಿಳುಪು ಸಿಗುವುದು ಕಷ್ಟ. ಅಂಗಡಿಯಲ್ಲೇ ನಾಲ್ಕೈದು ಪೇರಿಸಿ ನೋಡಿ. ಅಲುಗಾಡಿದರೆ ತಳ ಸೊಟ್ಟ. ತಳದ ಉಂಗುರ ಒರಟಾಗಿದ್ದರೆ ಕೆಳಗಿನ ತಟ್ಟೆ ಗೀರುತ್ತದೆ, ಮಧ್ಯೆ ಪೇಪರ್ ನ್ಯಾಪ್ಕಿನ್ ಇಡಿ.

ಸಾರು, ಪಾಯಸಕ್ಕೆ 150 ಮಿ.ಲೀ. ಸ್ಟೀಲ್ ಬಟ್ಟಲು, ಒಬ್ಬರಿಗೆ ಎರಡು. ಹಿತ್ತಾಳೆ ಸೂಚಿಸಿದವರಿಗೆ: ನೋಡಲು ಚೆಂದವೇ, ಆದರೆ ಕಲಾಯಿ ಇಲ್ಲದಿದ್ದರೆ ಹುಣಸೆಹುಳಿಗೆ ಹಿತ್ತಾಳೆಯಲ್ಲಿರುವ ತಾಮ್ರ ಬಿಟ್ಟುಕೊಂಡು ಸಾರು ಕಿಲುಬು ಹೊಡೆಯುತ್ತದೆ.

ಸ್ಟೀಲ್ ಚಮಚದಿಂದ ಬಿಳಿ ತಟ್ಟೆ ಮೇಲೆ ಬೀಳುವ ಬೂದು ಗೆರೆ ಸಾಮಾನ್ಯವಾಗಿ ಗೀರಲ್ಲ, ಗ್ಲೇಜ್‌ಗೆ (ತಟ್ಟೆಯ ಮೇಲಿನ ಗಾಜಿನಂಥ ಹೊಳಪಿನ ಲೇಪ) ಅಂಟಿದ ಲೋಹ. ಅಡುಗೆ ಸೋಡಾಗೆ ಸ್ವಲ್ಪ ನೀರು ಕಲಸಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಅರಿಸಿನದ ಕಲೆಗೆ ಬಿಸಿಲೇ ಮದ್ದು.

ಬಡಿಸಲು 3 ಲೀಟರಿನ ಒಂದೇ ಪಾತ್ರೆ ಬೇಡ. ಒಂದೂವರೆ ಲೀಟರಿನವು ಎರಡು ತಂದು ಮೇಜಿನ ಎರಡೂ ತುದಿಗೆ ಇಡಿ, ಸಾಂಬಾರ್ ಯಾರ ತಲೆ ಮೇಲೂ ಹಾದುಹೋಗುವುದಿಲ್ಲ.